ತಪ್ಪು ಮಾಡದ ಹಲ್ಲು

ಎಡಗಡೆ ಕೆಳದವಡೆಯ ಒಂದು ದವಡೆಹಲ್ಲನ್ನು 2019ರ ಸೆಪ್ಟೆಂಬರಿನಲ್ಲಿ ಕೀಳಿಸಿಕೊಂಡೆ. ಅದು ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ತಿಳಿದದ್ದು ನವೆಂಬರಿನಲ್ಲಿ.

ಆಗ ನನಗೆ ಐವತ್ತೆಂಟು. ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು, ನಿವೃತ್ತಿಗೆ ಎರಡು ವರ್ಷ ಬಾಕಿ. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಮೈಸೂರಿಗೆ ವರ್ಗವಾಗಿ ಬಂದಾಗಿನಿಂದ ನಡೆದುಕೊಂಡು ಬಂದ ವಾಡಿಕೆ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಶುರುವಾಯಿತು. ಮುನ್ನೂರು ಮೆಟ್ಟಿಲು ದಾಟುತ್ತಿದ್ದಂತೆ ಎಡದವಡೆ ಹಿಡಿದುಕೊಳ್ಳುತ್ತಿತ್ತು. ಹಲ್ಲುನೋವಿನ ಹಾಗೆ ಚುಚ್ಚುವ ನೋವಲ್ಲ. ಯಾರೋ ಹೆಬ್ಬೆರಳಿಟ್ಟು ದವಡೆಯನ್ನು ಒತ್ತಿ ಹಿಡಿದ ಹಾಗೆ. ಪಕ್ಕದ ಕಟ್ಟೆಯ ಮೇಲೆ ಮೂರು ನಿಮಿಷ ಕುಳಿತರೆ ಮಾಯ. ಎದ್ದು ಹತ್ತಿದರೆ ಮತ್ತೆ ಹಾಜರು. ಎದೆಯಲ್ಲಿ ಮಾತ್ರ ಏನೂ ಇಲ್ಲ. ಒಂದಿಷ್ಟು ಉರಿಯೂ ಇಲ್ಲ.

ಆ ಹಲ್ಲಿಗೆ ಮೊದಲೇ ಕೆಟ್ಟ ಹೆಸರಿತ್ತು. ಹತ್ತು ವರ್ಷದ ಹಿಂದೆ ಹುಳುಕು ಹಿಡಿದು ಸಿಮೆಂಟ್ ತುಂಬಿಸಿಕೊಂಡಿತ್ತು. ಊರಿನಲ್ಲಿ ಕಳವಾದರೆ ಪೊಲೀಸರು ಮೊದಲು ಹಳೆಯ ಕಳ್ಳನ ಮನೆಗೇ ಹೋಗುತ್ತಾರಲ್ಲ, ಹಾಗೆ ನನ್ನ ಅನುಮಾನವೂ ನೇರ ಅದರ ಮೇಲೆಯೇ ಬಿತ್ತು. ದಂತವೈದ್ಯರು ಎಕ್ಸ್‌ರೇ ನೋಡಿ, ಬೇರು ಚಿಕಿತ್ಸೆ ಮಾಡಿ ಉಳಿಸಿಕೊಳ್ಳಬಹುದು ಎಂದರು. ನನಗೆ ತಾಳ್ಮೆ ಇರಲಿಲ್ಲ. ಕಿತ್ತುಬಿಡಿ ಡಾಕ್ಟರೇ, ರಗಳೆ ಮುಗಿಯಲಿ ಎಂದೆ. ಕಿತ್ತರು. ಹದಿನೈದು ದಿನ ಬಿಟ್ಟು ಬೆಟ್ಟ ಹತ್ತಿದೆ. ಅದೇ ಮುನ್ನೂರನೆಯ ಮೆಟ್ಟಿಲು, ಅದೇ ಹೆಬ್ಬೆರಳು. ಇಲ್ಲದ ಹಲ್ಲು ನೋಯುತ್ತಿತ್ತು.

ಆ ವೈದ್ಯರನ್ನು ನಾನು ದೂರುವುದಿಲ್ಲ. ನೋವು ಬರುವುದು ಮೆಟ್ಟಿಲು ಹತ್ತುವಾಗ ಎಂದು ನಾನು ಅವರಿಗೆ ಹೇಳಿರಲೇ ಇಲ್ಲ. ಹಲ್ಲಿಗೂ ಮೆಟ್ಟಿಲಿಗೂ ಏನು ಸಂಬಂಧ ಎಂದುಕೊಂಡಿದ್ದೆ. ಎರಡನೆಯ ಬಾರಿ ಹೋದದ್ದು ನಮ್ಮ ಬೀದಿಯ ತುದಿಯಲ್ಲಿ ಆಗಷ್ಟೇ ಕ್ಲಿನಿಕ್ ತೆರೆದಿದ್ದ ಹುಡುಗಿಯ ಬಳಿಗೆ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವಳು. ಅವಳು ಬಾಯಿ ತೆರೆಸುವ ಮೊದಲೇ ಕೇಳಿದಳು: "ಸರ್, ಈ ನೋವು ಏನು ಮಾಡುವಾಗ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ?" ಹೇಳಿದೆ. ಅವಳು ಕನ್ನಡಿಯನ್ನೂ ಕಡ್ಡಿಯನ್ನೂ ಟ್ರೇಗೆ ಹಾಕಿ, "ಇವತ್ತು ನಿಮ್ಮ ಹಲ್ಲು ನೋಡುವುದಿಲ್ಲ. ಈಗಲೇ ಹೋಗಿ ಇಸಿಜಿ ಮಾಡಿಸಿ. ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ" ಎಂದಳು.

ಹೃದಯದ ಎಡಭಾಗದ ದೊಡ್ಡ ರಕ್ತನಾಳ ಶೇಕಡಾ ತೊಂಬತ್ತು ಕಟ್ಟಿತ್ತು. ಎರಡು ದಿನದಲ್ಲಿ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಬಿತ್ತು. ಹೃದಯದಿಂದ ನೋವಿನ ಸುದ್ದಿ ತರುವ ನರಗಳೂ ದವಡೆ, ಭುಜ, ಎಡಗೈಯಿಂದ ಸುದ್ದಿ ತರುವ ನರಗಳೂ ಮಿದುಳನ್ನು ಮುಟ್ಟುವ ಮೊದಲು ಒಂದೇ ಕಡೆ ಬಂದು ಸೇರುತ್ತವಂತೆ. ದವಡೆಯಿಂದ ದಿನಾ ಏನಾದರೂ ಸುದ್ದಿ ಬರುತ್ತಿರುತ್ತದೆ. ಹೃದಯದಿಂದ ಬರುವುದು ಅಪರೂಪ. ಮಿದುಳು ಹಾಗಾಗಿ ವಿಳಾಸ ತಪ್ಪಾಗಿ ಓದಿಕೊಳ್ಳುತ್ತದೆ. ವಾರ್ಡಿನಲ್ಲಿ ಮಲಗಿ ಇದನ್ನು ಕೇಳಿದಾಗ ನನಗೆ ಮೊದಲು ನೆನಪಾದದ್ದು ದಂತವೈದ್ಯರ ಸ್ಟೀಲ್ ಬಟ್ಟಲಿನಲ್ಲಿ ಠಣ್ಣೆಂದು ಬಿದ್ದ ಆ ಹಲ್ಲು.

ಸ್ಟೆಂಟ್ ಹಾಕಿದ ವೈದ್ಯರು ಬಿಡುಗಡೆಯ ದಿನ ಎರಡು ಮಾತ್ರೆಗಳಿಗೆ ಕೆಂಪು ಗೆರೆ ಎಳೆದು ಕೊಟ್ಟರು: ಆಸ್ಪಿರಿನ್, ಕ್ಲೋಪಿಡೋಗ್ರೆಲ್. ಎರಡನ್ನೂ ಒಂದು ವರ್ಷ ಒಂದು ದಿನವೂ ಬಿಡುವಂತಿಲ್ಲ. ಆಮೇಲೆ ಒಂದು ಉಳಿಯುತ್ತದೆ, ಅದು ಜೀವನಪೂರ್ತಿ. ಹಲ್ಲಿನ ಜಾಗ ಖಾಲಿಯಿದೆ, ಏನಾದರೂ ಮಾಡಿಸಬಹುದೇ ಎಂದು ಕೇಳಿದೆ. ತುರ್ತಿಲ್ಲದ ಕೆಲಸ ಯಾವುದೂ ಒಂದು ವರ್ಷ ಬೇಡ ಎಂದರು. ಹೊಸ ಸ್ಟೆಂಟಿನ ಒಳಮೈಗೆ ಪೊರೆ ಬೆಳೆಯುವ ತನಕ ಅದು ರಕ್ತದ ಪಾಲಿಗೆ ಪರಕೀಯ ವಸ್ತು. ಮಾತ್ರೆ ತಪ್ಪಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಇಡೀ ನಾಳವೇ ಮುಚ್ಚಿಹೋಗಬಹುದು. ಅಮೆರಿಕದ ಹೃದಯ ವೈದ್ಯರ ಸಂಘಗಳು ಅಲ್ಲಿನ ದಂತವೈದ್ಯರ ಸಂಘವನ್ನೂ ಜೊತೆಗೆ ಕೂರಿಸಿಕೊಂಡು 2007ರಲ್ಲಿಯೇ ಇದರ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿದ್ದವು ಎಂಬುದು ಆಮೇಲೆ ಗೊತ್ತಾಯಿತು. ದಂತವೈದ್ಯರನ್ನು ಏಕೆ ಕೂರಿಸಿಕೊಂಡರು ಎಂಬುದು ಅನುಭವದಿಂದಲೇ ಗೊತ್ತಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಒಂದು ವರ್ಷ ಎಂದದ್ದು ಎರಡೂವರೆಯಾಯಿತು. ಲಾಕ್‌ಡೌನ್ ಬಂತು, ನಿವೃತ್ತಿ ಬಂತು. ನಾಲಿಗೆಗೆ ಬೇರೆ ಕೆಲಸವಿಲ್ಲದೆ ಆ ಖಾಲಿ ಜಾಗವನ್ನು ದಿನಕ್ಕೆ ನೂರು ಸಲ ಹೋಗಿ ಮುಟ್ಟಿ ಬರುತ್ತಿತ್ತು. ಅನ್ನ, ಮುದ್ದೆ, ಚಪಾತಿ ಎಲ್ಲವೂ ಬಲದವಡೆಯ ಪಾಲಿಗೆ. ಅಷ್ಟರಲ್ಲಿ ಮೇಲಿನ ಹಲ್ಲು ಎದುರಾಳಿಯಿಲ್ಲದೆ ಕೆಳಗೆ ಇಳಿಯತೊಡಗಿತ್ತು, ಹಿಂದಿನದು ಮುಂದಕ್ಕೆ ವಾಲಿತ್ತು. ಬೆಂಚಿನಲ್ಲಿ ಒಬ್ಬ ಹುಡುಗ ಗೈರಾದರೆ ಪಕ್ಕದವನು ಕಾಲು ಚಾಚಿ ಕೂರುವುದಿಲ್ಲವೇ!

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಆ ಅವಧಿಯಲ್ಲಿ ನನಗೆ ಹನ್ನೊಂದು ಜನ ಹೇಳಿದರು. ಲೆಕ್ಕ ಇಟ್ಟಿದ್ದೇನೆ. ಅವರಲ್ಲಿ ಒಬ್ಬರಿಗೂ ಹೃದ್ರೋಗಿಗೆ ಕಡಲೆಕಾಯಿ ಎಷ್ಟು ತಿನ್ನಬಹುದು ಎಂಬುದು ಗೊತ್ತಿರಲಿಲ್ಲ.

ಪಕ್ಕದ ಎರಡು ಹಲ್ಲುಗಳನ್ನು ಅರೆದು, ಅವುಗಳ ಆಧಾರದ ಮೇಲೆ ನಡುವೆ ಕಟ್ಟಿದ ಹಲ್ಲಿನ ಸೇತುವೆ ಹಾಕಿಸಬಹುದಿತ್ತು. ಖರ್ಚೂ ಕಡಿಮೆ, ದವಡೆಯ ಮೂಳೆಯನ್ನು ಮುಟ್ಟುವ ಪ್ರಸಂಗವೂ ಇಲ್ಲ. ಆದರೆ ಆ ಎರಡೂ ಹಲ್ಲುಗಳು ಗಟ್ಟಿಯಾಗಿದ್ದವು. ಒಂದು ನಿರಪರಾಧಿಯನ್ನು ಆಗಲೇ ಗಲ್ಲಿಗೇರಿಸಿದವನಿಗೆ ಇನ್ನೆರಡಕ್ಕೆ ಶಿಕ್ಷೆ ಕೊಡುವ ಮನಸ್ಸು ಬರಲಿಲ್ಲ. ಉಳಿದದ್ದು ಇಂಪ್ಲಾಂಟ್: ಮೂಳೆಗೆ ಟೈಟೇನಿಯಂ ತಿರುಪು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವುದು.

ಹೇಳಿದ ಬೆಲೆ ಮೂವತ್ತೆಂಟು ಸಾವಿರ. ಸ್ಟೆಂಟಿಗೆ ಆದರೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಮಿತಿ ಹಾಕಿತು. ಔಷಧ ಲೇಪಿಸಿದ ಸ್ಟೆಂಟಿನ ಬೆಲೆ ಆಗ 29,600 ರೂಪಾಯಿಗೆ ಇಳಿಯಿತು. ನನ್ನದಂತೂ ಸೇವೆಯಲ್ಲಿದ್ದಾಗಲೇ ಆದ್ದರಿಂದ ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆಯಲ್ಲಿ ಕೈಯಿಂದ ಕಾಸು ಬಿಚ್ಚದೆ ಮುಗಿಯಿತು. ಹಲ್ಲಿಗೆ ಮಿತಿಬೆಲೆಯೂ ಇರಲಿಲ್ಲ, ನನಗೆ ಒದಗುವ ಯೋಜನೆಯೂ ಇರಲಿಲ್ಲ. ಖಾಸಗಿ ವಿಮೆಯವರೂ ಅಪಘಾತದಲ್ಲಿ ಮುರಿದುಕೊಂಡರೆ ನೋಡೋಣ ಎನ್ನುತ್ತಾರೆ. ಹೃದಯವನ್ನು ಸರಿಪಡಿಸುವಾಗ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಸಹಿ ಹಾಕು ಎಂದರು, ಹಾಕಿದೆ. ಹಲ್ಲಿನ ವಿಷಯ ಮಾತ್ರ ಪೂರ್ತಿ ನನ್ನ ತಲೆಯ ಮೇಲೆ ಬಂತು.

ನಿಜ ಹೇಳಬೇಕೆಂದರೆ ತಡೆದದ್ದು ದುಡ್ಡಲ್ಲ. ಸ್ಟೆಂಟ್ ಬಿದ್ದ ಮೇಲೆ ನನ್ನೊಳಗೆ ಒಬ್ಬ ಗುಮಾಸ್ತ ಬಂದು ಕೂತಿದ್ದ. ಏನು ಕೊಳ್ಳಲು ಹೋದರೂ "ಎಷ್ಟು ವರ್ಷಕ್ಕೆ?" ಎಂದು ಕೇಳುತ್ತಿದ್ದ. ಚಪ್ಪಲಿಗೆ ಕೇಳುತ್ತಿರಲಿಲ್ಲ. ಫ್ರಿಜ್ಜಿಗೆ ಕೇಳಿದ. ಹೊಸ ಕನ್ನಡಕಕ್ಕೂ ಕೇಳಿದ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುವ ಹಲ್ಲನ್ನು ಅರವತ್ತು ದಾಟಿದ, ಹೃದಯಕ್ಕೆ ತೇಪೆ ಹಾಕಿಸಿಕೊಂಡ ಮನುಷ್ಯ ಹಾಕಿಸಿಕೊಳ್ಳುವುದು ಲೆಕ್ಕದ ಪ್ರಕಾರ ಸರಿಯೇ ಎಂದು ಅವನು ತಿಂಗಳುಗಟ್ಟಲೆ ಪೀಡಿಸಿದ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಹೆಂಡತಿ ಆ ಗುಮಾಸ್ತನನ್ನು ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದಳು.

ಅವನ ಬಾಯಿ ಮುಚ್ಚಿಸಿದ್ದು ಸ್ವೀಡನ್ನಿನ ಇಬ್ಬರು. ಇಬ್ಬರ ಹೆಸರೂ ಲಾರ್ಸನ್. ಆ ಕಡೆ ಅದು ನಮ್ಮಲ್ಲಿ ಗೌಡ, ಭಟ್ಟ ಇದ್ದ ಹಾಗೆ. ಬ್ರೋನೆಮಾರ್ಕ್ ಎಂಬ ವೈದ್ಯ 1952ರಲ್ಲಿ ಮೊಲದ ಕಾಲಿನ ಮೂಳೆಯೊಳಗೆ ರಕ್ತದ ಓಡಾಟ ನೋಡಲು ಟೈಟೇನಿಯಂನ ಪುಟ್ಟ ಕೊಳವೆಯೊಂದನ್ನು ಕೂರಿಸಿದ್ದ. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೆಂದು ಅಪ್ಪಿಕೊಂಡುಬಿಟ್ಟಿತ್ತು. ಹಾಳಾದ ಪ್ರಯೋಗ ಎಂದು ಬೇಸರಪಡುವ ಬದಲು ಆತ ಅದರ ಹಿಂದೆಯೇ ಬಿದ್ದ. 1965ರಲ್ಲಿ ಗೋಥೆನ್‌ಬರ್ಗಿನ ಯೋಸ್ಟಾ ಲಾರ್ಸನ್ ಎಂಬವರ ಕೆಳದವಡೆಗೆ ಅಂಥ ತಿರುಪುಗಳನ್ನು ಕೂರಿಸಿದ. ಹುಟ್ಟಿನಿಂದಲೇ ದವಡೆ ಸರಿಯಿಲ್ಲದೆ ಮಾತಿಗೂ ಊಟಕ್ಕೂ ಒದ್ದಾಡುತ್ತಿದ್ದ ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷ, ಅವು ಬಾಯಲ್ಲಿದ್ದವು.

ಇನ್ನೊಬ್ಬರು ಆರ್ನೆ ಲಾರ್ಸನ್. 1958ರ ಅಕ್ಟೋಬರ್ 8ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ದೇಹದೊಳಗೆ ಹೃದಯದ ಬಡಿತವನ್ನು ಹದದಲ್ಲಿಡುವ ಪೇಸ್‌ಮೇಕರ್ ಇಡಿಸಿಕೊಂಡವರು. ಆ ಯಂತ್ರವನ್ನು ಎಂಜಿನಿಯರ್ ಎಲ್ಮ್‌ಕ್ವಿಸ್ಟ್ ಶೂ ಪಾಲಿಶ್ ಡಬ್ಬಿಯನ್ನು ಅಚ್ಚು ಮಾಡಿಕೊಂಡು ಎರಕ ಹೊಯ್ದಿದ್ದರಂತೆ. ಅದು ಕೆಲವೇ ಗಂಟೆ ನಡೆಯಿತು. ಬದಲಿಗೆ ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ಒಟ್ಟು ಇಪ್ಪತ್ತಾರು ಪೇಸ್‌ಮೇಕರ್ ಸವೆಸಿ, ಮಾಡಿಕೊಟ್ಟ ಎಂಜಿನಿಯರನ್ನೂ ಇಟ್ಟುಕೊಟ್ಟ ಶಸ್ತ್ರವೈದ್ಯರನ್ನೂ ಕಳಿಸಿಕೊಟ್ಟು, ಎಂಬತ್ತಾರು ವರ್ಷ ಬಾಳಿ 2001ರಲ್ಲಿ ಹೋದರು. ಈಗಿನ ಪೇಸ್‌ಮೇಕರಿನ ಹೊರಕವಚವೂ ಟೈಟೇನಿಯಮ್ಮೇ. ಅಂದರೆ ಒಂದೇ ಲೋಹ, ಒಂದೇ ದೇಶ, ಏಳು ವರ್ಷದ ಅಂತರದಲ್ಲಿ ಇಬ್ಬರು ಲಾರ್ಸನ್‌ಗಳು. ಅವರಿಬ್ಬರೂ ಎಷ್ಟು ವರ್ಷಕ್ಕೆ ಎಂದು ಕೇಳಿಕೊಂಡು ಕೂತಿದ್ದರೆ ಏನಾಗುತ್ತಿತ್ತೋ! ಗುಮಾಸ್ತ ಫೈಲು ಮುಚ್ಚಿದ.

ನಮ್ಮ ಬೀದಿಯ ಡಾಕ್ಟರ್ ಹುಡುಗಿ ಅಷ್ಟರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ದೊಡ್ಡ ಗಾಜಿನ ಬಾಗಿಲಿನ ಒಂದು ಕ್ಲಿನಿಕ್ಕಿಗೆ ಹೋದೆ. ಸ್ವಾಗತದ ಮೇಜಿನಲ್ಲೇ ಫಾರಂ ತುಂಬಿಸಿಕೊಂಡರು. ಹೃದಯದ ತೊಂದರೆ ಎಂಬಲ್ಲಿ ಟಿಕ್ ಹಾಕಿದೆ. ಒಳಗಿದ್ದವರು ಫಾರಂ ನೋಡಿ, "ರಕ್ತ ತೆಳುವಾಗುವ ಮಾತ್ರೆಯನ್ನು ಐದು ದಿನ ನಿಲ್ಲಿಸಿ ಬನ್ನಿ, ಸೋಮವಾರ ಹಾಕಿಬಿಡೋಣ" ಎಂದರು. ಹಲ್ಲು ಕೀಳಿಸಿದ ಹಾಗೆ ಇದೂ ಬೇಗ ಮುಗಿಯಲಿ ಎಂಬ ಅದೇ ಹಳೆಯ ಆತುರ. ಬುಧವಾರದಿಂದ ನಿಲ್ಲಿಸಿದೆ. ಹೃದಯದ ಆಸ್ಪತ್ರೆಗೆ ಒಂದು ಫೋನೂ ಮಾಡಲಿಲ್ಲ.

ಸಿಕ್ಕಿಬಿದ್ದದ್ದು ಶುಕ್ರವಾರ. ಆ ಆಸ್ಪಿರಿನ್ ಪಟ್ಟಿಯಲ್ಲಿ ಹದಿನಾಲ್ಕು ಮಾತ್ರೆ ಇರುತ್ತವೆ. ಭಾನುವಾರ ರಾತ್ರಿ ಹೊಸ ಪಟ್ಟಿ ಒಡೆದದ್ದು ನನ್ನ ಹೆಂಡತಿಗೆ ನೆನಪಿತ್ತು. "ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಐದು ಹೋಗಿ ಒಂಬತ್ತು ಉಳಿಯಬೇಕು. ಹನ್ನೊಂದು ಇದೆಯಲ್ಲ, ಏನು ರೀ ಇದು?" ಮೂವತ್ಮೂರು ವರ್ಷ ಮಕ್ಕಳಿಗೆ ವ್ಯವಕಲನ ಕಲಿಸಿದವನು ತಲೆ ತಗ್ಗಿಸಿ ನಿಂತೆ. ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದೂ ಅವಳೇ. ಆ ಕಡೆಯಿಂದ ವೈದ್ಯರು ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ಮೇಷ್ಟ್ರೇ, ಒಸಡಿನಿಂದ ರಕ್ತ ಬಂದರೆ ಹತ್ತಿ ಇಟ್ಟು ಒತ್ತಬಹುದು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಎಲ್ಲಿ ಒತ್ತುತ್ತೀರಿ?" ಎಂದಷ್ಟೇ ಕೇಳಿ, ಈಗಲೇ ಮಾತ್ರೆ ನುಂಗಿ ಎಂದರು.

ರಕ್ತ ತೆಳುವಾಗುವ ಮಾತ್ರೆ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸಾರಿಗೆ ನೀರು ಹಾಕಿದ ಹಾಗೆ ರಕ್ತ ನೀರಾಗುವುದಿಲ್ಲ. ಆಸ್ಪಿರಿನ್ ಮಾಡುವುದು ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳ (ಪ್ಲೇಟ್ಲೆಟ್) ಅಂಟುಗುಣವನ್ನು ಕೆಡಿಸುವ ಕೆಲಸ. ಕೆಟ್ಟ ಬಿಲ್ಲೆ ಸಾಯುವವರೆಗೂ ಕೆಟ್ಟೇ ಇರುತ್ತದೆ; ಅದರ ಆಯಸ್ಸು ಏಳರಿಂದ ಹತ್ತು ದಿನ. ಮಾತ್ರೆ ನಿಲ್ಲಿಸಿದರೆ ದಿನಕ್ಕೆ ಹತ್ತರಲ್ಲೊಂದು ಪಾಲಿನಂತೆ ಹೊಸ, ಅಂಟುವ ಬಿಲ್ಲೆಗಳು ಬರುತ್ತಾ ಹೋಗುತ್ತವೆ. ಒಂದು ಹಲ್ಲು ಕೀಳಲು, ಒಂದು ತಿರುಪು ಕೂರಿಸಲು ಆಸ್ಪಿರಿನ್ ನಿಲ್ಲಿಸಬೇಕಾಗಿಲ್ಲ ಎಂಬುದು ಈಗ ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಮಾತು. ಸ್ವಲ್ಪ ಹೆಚ್ಚು ಹೊತ್ತು ರಕ್ತ ಜಿನುಗುತ್ತದೆ. ಹೊಲಿಗೆ ಹಾಕಿ, ಹತ್ತಿಬಟ್ಟೆ ಕಚ್ಚಿಸಿ, ಅಲ್ಲೇ ನಿಲ್ಲಿಸಬಹುದು. ಯಾರ ಮಾತ್ರೆಯನ್ನು ನಿಲ್ಲಿಸಬೇಕಾಗಿ ಬಂದರೂ ಅದನ್ನು ಹೇಳಬೇಕಾದವರು ಬರೆದುಕೊಟ್ಟ ಹೃದಯ ವೈದ್ಯರು. ಹಲ್ಲಿನವರೂ ಅಲ್ಲ, ಅಂಗಡಿಯವರೂ ಅಲ್ಲ, ನಾನಂತೂ ಅಲ್ಲವೇ ಅಲ್ಲ.

ಗಾಜಿನ ಬಾಗಿಲಿಗೆ ಮತ್ತೆ ಹೋಗಲಿಲ್ಲ. ಈ ಸಲ ಹುಡುಕಿದ್ದು ಹಲ್ಲನ್ನು ಚೆನ್ನಾಗಿ ಹಾಕುವವರನ್ನಲ್ಲ, ಮೊದಲು ಪ್ರಶ್ನೆ ಕೇಳುವವರನ್ನು. ಒಂದು ದಂತ ಮಹಾವಿದ್ಯಾಲಯದಲ್ಲಿ ಪಾಠ ಮಾಡುವ ಮಹಿಳೆ, ಸಂಜೆ ಮಾತ್ರ ಸ್ವಂತ ಕ್ಲಿನಿಕ್. ಹೃದಯದವರಿಂದ ಚೀಟಿ ತನ್ನಿ ಎಂದರು. ತಂದೆ. ಅದರಲ್ಲಿ ಒಂದೇ ಸಾಲು: ದಂತ ಚಿಕಿತ್ಸೆಗೆ ಅಡ್ಡಿಯಿಲ್ಲ. ಅವರು ನಕ್ಕು, "ಇದು ರಜಾ ಅರ್ಜಿಗೆ ಮಂಜೂರು ಹಾಕಿದ ಹಾಗಿದೆ. ನಾನು ಕೇಳುವುದನ್ನು ಬರೆದುಕೊಡುತ್ತೇನೆ" ಎಂದು ತಾವೇ ಒಂದು ಪುಟ ಬರೆದರು. ಸ್ಟೆಂಟ್ ಯಾವಾಗ, ಎಷ್ಟು. ಹೃದಯ ಶೇಕಡಾ ಎಷ್ಟು ಪಂಪ್ ಮಾಡುತ್ತಿದೆ. ಈಚೆಗೆ ಎದೆನೋವು, ಉಬ್ಬಸ ಇದೆಯೇ. ಈಗಿನ ಮಾತ್ರೆಗಳು ಯಾವುವು. ಅವನ್ನು ಮುಂದುವರಿಸಿಯೇ ಕೆಲಸ ಮಾಡುತ್ತೇನೆ, ಒಪ್ಪಿಗೆಯೇ. ಮರಗಟ್ಟಿಸುವ ಮದ್ದಿನಲ್ಲಿ ಅಡ್ರಿನಲಿನ್ ಎಷ್ಟರವರೆಗೆ ಬಳಸಬಹುದು. ನಾನು ಆ ಪುಟವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೊತ್ತೆ. ಎರಡು ಕ್ಲಿನಿಕ್ಕುಗಳ ನಡುವೆ ನಾಲ್ಕು ಕಿಲೋಮೀಟರ್. ಇಬ್ಬರು ವೈದ್ಯರು ಇವತ್ತಿಗೂ ಒಬ್ಬರನ್ನೊಬ್ಬರು ನೋಡಿಲ್ಲ.

ಆ ಓಡಾಟದಲ್ಲಿ ಒಂದು ಉಪಲಾಭವೂ ಆಯಿತು. ನನ್ನ ಒಸಡು ಅಲ್ಲಲ್ಲಿ ಊದಿಕೊಂಡು ಹಲ್ಲಿನ ಮೇಲೆ ಏರಿದ್ದನ್ನು ನೋಡಿ, ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತೀರಾ ಎಂದು ಆಕೆ ಕೇಳಿದರು. ಹೌದು. ಕೆಲವರಿಗೆ ಆ ಮಾತ್ರೆಯಿಂದ ಹೀಗಾಗುತ್ತದಂತೆ. ಹೃದಯದವರು ಮಾತ್ರೆ ಬದಲಿಸಿದರು, ಇವರು ಒಸಡು ಶುಚಿ ಮಾಡಿದರು, ಎರಡು ತಿಂಗಳಲ್ಲಿ ಊತ ಇಳಿಯಿತು. ಒಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟಿದೆ ಎಂಬುದನ್ನು ನೀವೂ ವಾಟ್ಸಾಪಿನಲ್ಲಿ ಓದಿರುತ್ತೀರಿ. ನಂಟಿರುವುದು ನಿಜ, ಎರಡೂ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆದರೆ ಒಂದರಿಂದಲೇ ಇನ್ನೊಂದು ಬರುತ್ತದೆ ಎಂಬುದು ಸಾಬೀತಾಗಿಲ್ಲವೆಂದು ಅಮೆರಿಕದ ಹೃದಯ ಸಂಘ 2012ರಲ್ಲಿ ಹೇಳಿತ್ತು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆಗಳು ಎರಡಕ್ಕೂ ಕಾರಣವಾಗುವುದರಿಂದ ಯಾರು ಯಾರನ್ನು ಕರೆತಂದರು ಎಂದು ಹೇಳುವುದು ಕಷ್ಟ. ತಪ್ಪು ಹಲ್ಲನ್ನು ಕೀಳಿಸಿಕೊಂಡವನಿಗೆ ಈ ಎಚ್ಚರ ಸ್ವಲ್ಪ ಹೆಚ್ಚೇ ಹಿಡಿಸುತ್ತದೆ.

ಇಲ್ಲಿ ನಮ್ಮ ಅತ್ತಿಗೆಯ ಕಥೆ ಬರಬೇಕು. ಅಣ್ಣ ಈಗ ಇಲ್ಲ. ಅತ್ತಿಗೆ ಸಾಗರದ ಹತ್ತಿರದ ನಮ್ಮ ಹಳೆಯ ಮನೆಯಲ್ಲಿದ್ದಾರೆ. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು, ಅದರಿಂದ ಹೃದಯದ ಕವಾಟ ಕೆಟ್ಟು, ನಲವತ್ತೈದರಲ್ಲಿ ಲೋಹದ ಕವಾಟ ಹಾಕಿಸಿಕೊಂಡವರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕವಾಟ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದ ಅದು ಬಂದ ಮೇಲೆ ನಮ್ಮಂಥವರ ಕೈಗೂ ಕವಾಟ ಎಟುಕುವಂತಾಯಿತು. ರಾತ್ರಿ ಮನೆ ನಿಶ್ಶಬ್ದವಾದಾಗ ಅವರ ಪಕ್ಕ ಕುಳಿತರೆ ಅದು ಟಿಕ್ ಟಿಕ್ ಎನ್ನುವುದು ಕೇಳುತ್ತದೆ. ಮೊಮ್ಮಕ್ಕಳು ಅಜ್ಜಿಯ ಹೊಟ್ಟೆಯಲ್ಲಿ ಗಡಿಯಾರವಿದೆ ಎನ್ನುತ್ತಾರೆ.

ನನ್ನ ಹಲ್ಲಿನ ಸುದ್ದಿ ಕೇಳಿ ಅತ್ತಿಗೆ ಫೋನಿನಲ್ಲಿ, "ನಿನಗೆ ಹಾಕಿದ್ದನ್ನೇ ನನಗೂ ಹಾಕುತ್ತಾರೇನೋ ಕೇಳು. ನಿನಗೂ ಹೃದಯ, ನನಗೂ ಹೃದಯ" ಎಂದರು. ಹೃದ್ರೋಗ ಎಂಬುದು ಒಂದೇ ಕಾಯಿಲೆಯಲ್ಲ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಅವರ ಪರವಾಗಿ ಕೇಳಲು ಹೋದಾಗ. ನನ್ನ ಸ್ಟೆಂಟಿಗೆ ಹಲ್ಲಿನ ಕೆಲಸದ ಮುಂಚೆ ಆ್ಯಂಟಿಬಯಾಟಿಕ್ ಕೊಟ್ಟು ಹೃದಯ ಕಾಯುವ ಅಗತ್ಯವಿಲ್ಲ. ಅವರ ಕವಾಟಕ್ಕೆ ಬೇಕೇ ಬೇಕು. ಒಸಡು ಕೊಯ್ದಾಗ ಬಾಯಿಯ ರೋಗಾಣುಗಳು ರಕ್ತಕ್ಕೆ ಇಳಿದು ಕೃತಕ ಕವಾಟದ ಮೇಲೆ ಮನೆ ಮಾಡಿದರೆ ಜೀವಕ್ಕೇ ಅಪಾಯ. ಅದಕ್ಕಾಗಿ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ ಒಂದೇ ಸಲಕ್ಕೆ 2 ಗ್ರಾಂ. ಮೊದಲು ಹೃದಯದ ಬಹಳಷ್ಟು ತೊಂದರೆಗಳಿಗೆ ಇದನ್ನು ಕೊಡುತ್ತಿದ್ದರು. 2007ರ ನಂತರ ಅಮೆರಿಕದವರು ಕೃತಕ ಕವಾಟ, ಹಿಂದೊಮ್ಮೆ ಹೃದಯದ ಒಳಪೊರೆಗೆ ಸೋಂಕು ಆದವರು, ಹುಟ್ಟಿನಿಂದ ಬಂದ ಕೆಲವು ದೋಷಗಳು, ಇಂಥ ಕೆಲವರಿಗೆ ಮಾತ್ರ ಸೀಮಿತಗೊಳಿಸಿದರು. ನನ್ನ ಆಸ್ಪಿರಿನ್ನಿಗೂ ರಕ್ತ ಹೆಪ್ಪುಗಟ್ಟುವುದನ್ನು ತಡವಾಗಿಸುವ ಅವರ ಅಸಿಟ್ರಾಮ್ ಮಾತ್ರೆಗೂ ಹೋಲಿಕೆಯೇ ಇಲ್ಲ. ಅವರು ಐಎನ್‌ಆರ್ ಎಂಬ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ರಕ್ತಪರೀಕ್ಷೆ ಮಾಡಿಸಿ ಅದರಂತೆ ಕಾಲು ಮಾತ್ರೆ, ಅರ್ಧ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಹಲ್ಲಿನವರು ಸಲೀಸಾಗಿ ಬರೆಯುವ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಕೂಡ ಅದರ ಜೊತೆ ಸೇರಿದರೆ ರಕ್ತ ಹೆಪ್ಪುಗಟ್ಟುವುದು ಮಿತಿಮೀರಿ ತಡವಾಗುತ್ತದೆ. ಕೆಟ್ಟ ಹಲ್ಲನ್ನು ಬಾಯಲ್ಲಿ ಇಟ್ಟುಕೊಳ್ಳುವುದೂ ಅವರಿಗೆ ಅಪಾಯ, ಕೀಳಿಸುವುದಕ್ಕೂ ಇಷ್ಟೆಲ್ಲ ಸಿದ್ಧತೆ.

2022ರ ಜೂನ್ ತಿಂಗಳ ಒಂದು ಬೆಳಗ್ಗೆ ಹತ್ತು ಗಂಟೆಗೆ ನನ್ನ ತಿರುಪು ಬಿತ್ತು. ಉಪವಾಸ ಬರಬೇಡಿ, ತಿಂಡಿ ತಿಂದು ಎಲ್ಲ ಮಾತ್ರೆ ನುಂಗಿ ಬನ್ನಿ ಎಂದಿದ್ದರು. ಉಪ್ಪಿಟ್ಟು ತಿಂದು, ಜೇಬಿನಲ್ಲಿ ಎದೆನೋವು ಬಂದರೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡು ಹೋದೆ. ಕುರ್ಚಿಯನ್ನು ಪೂರ್ತಿ ಮಲಗಿಸಲಿಲ್ಲ. ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್, ತೋಳಿಗೆ ಬಿಪಿ ಪಟ್ಟಿ. 148ಕ್ಕೆ 86. "ನನಗಿಂತ ಕಡಿಮೆ" ಎಂದರು ಡಾಕ್ಟರ್. ಮರಗಟ್ಟಿಸುವ ಲಿಗ್ನೋಕೇನ್ ಸೂಜಿಯನ್ನು ಬಹಳ ನಿಧಾನವಾಗಿ ಬಿಟ್ಟರು. ಅದರೊಂದಿಗೆ ಬೆರೆತ ಅಡ್ರಿನಲಿನ್ ಹೃದಯವನ್ನು ಓಡಿಸುತ್ತದೆ ಎಂಬ ಭಯ ನನಗಿತ್ತು. ಅವರು ಹೇಳಿದ್ದು ಬೇರೆ: ಮದ್ದು ಸಾಲದೆ ನೋವಾದರೆ ನಿಮ್ಮ ದೇಹ ತಾನೇ ಸುರಿಸುವ ಅಡ್ರಿನಲಿನ್ ಇದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಮಿತಿಯಲ್ಲಿ ಕೊಡುತ್ತಾರೆ, ಕೊಡದೆ ಬಿಡುವುದಿಲ್ಲ. ಹೃದಯದ ಬಡಿತ ಹದ ತಪ್ಪಿ ಓಡಿದಾಗ ಐಸಿಯುನಲ್ಲಿ ಕೊಡುವ ಮದ್ದುಗಳಲ್ಲಿ ಇದೇ ಲಿಗ್ನೋಕೇನ್ ಕೂಡ ಒಂದು ಎಂದು ಕೇಳಿ ಇನ್ನಷ್ಟು ಸಮಾಧಾನವಾಯಿತು.

ಮೂಳೆ ಕೊರೆಯುವುದು ನೋಯಲಿಲ್ಲ, ಕೇಳಿಸಿತು. ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಸುವಾಗ ಗೋಡೆಗೆ ಕಿವಿಗೊಟ್ಟು ನಿಂತ ಹಾಗೆ. ಗೋಡೆ ಮಾತ್ರ ನನ್ನ ತಲೆಬುರುಡೆ. ತಣ್ಣನೆಯ ಉಪ್ಪುನೀರನ್ನು ಬಿಡದೆ ಸುರಿಯುತ್ತಿದ್ದರು. ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೆ ಸಾಯುತ್ತದೆ, ಸತ್ತ ಮೂಳೆ ತಿರುಪನ್ನು ಹಿಡಿಯುವುದಿಲ್ಲ. ಕೊನೆಯಲ್ಲಿ ಸೈಕಲ್ ಅಂಗಡಿಯ ಸ್ಪ್ಯಾನರಿನ ಹಾಗಿದ್ದ ಪುಟ್ಟ ಸಾಧನ ಹಿಡಿದು ಕಿರ್ರ್, ಕಿರ್ರ್ ಎಂದು ತಿರುಗಿಸಿ, "ಮೂವತ್ತೈದು" ಎಂದು ಸಹಾಯಕಿಗೆ ಹೇಳಿದರು. ಅವಳು ಬರೆದುಕೊಂಡಳು. ಮೂವತ್ತೈದು ಏನು ಎಂದು ಬಾಯಿ ತೆರೆದೇ ಕೇಳಲು ಹೋಗಿ ಎಂಜಲು ನುಂಗಿದೆ. ನ್ಯೂಟನ್ ಸೆಂಟಿಮೀಟರ್. ತಿರುಗುಬಲದ ಲೆಕ್ಕ! ಆ ಕುರ್ಚಿಯಲ್ಲಿ ನನಗೆ ಪೂರ್ತಿ ಅರ್ಥವಾದ ಒಂದೇ ಸಂಗತಿ ಅದು.

ಎರಡು ಹೊಲಿಗೆ. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿಕೊಂಡು ಕೂರಿಸಿದರು. ಸಂಜೆಯವರೆಗೆ ಉಗುಳು ತಿಳಿ ಗುಲಾಬಿ ಬಣ್ಣದಲ್ಲಿತ್ತು, ರಾತ್ರಿಗೆ ನಿಂತಿತು. ನೋವಿಗೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಬೇಡ ಎಂದಿದ್ದರು. ಮನೆಯ ಡಬ್ಬಿಯಲ್ಲಿದ್ದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೃದ್ರೋಗಿಗಳಿಗೆ ಒಳ್ಳೆಯದಲ್ಲ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಹೆಂಡತಿ ಎರಡನ್ನೂ ತೆಗೆದು ಕಸಕ್ಕೆ ಹಾಕಿದಳು. ಹಾಕುವ ಮೊದಲು ಎಣಿಸಿದಳೆಂದು ನನ್ನ ಗುಮಾನಿ.

ಮೂರು ತಿಂಗಳು ಮೂಳೆ ತಿರುಪನ್ನು ಅಪ್ಪಿಕೊಳ್ಳಲು ಬಿಟ್ಟು, ಸೆಪ್ಟೆಂಬರ್ ಕೊನೆಯಲ್ಲಿ ಹಲ್ಲು ಕೂರಿಸಿದರು. ಕೀಳಿಸಿದ್ದೂ ಸೆಪ್ಟೆಂಬರಿನಲ್ಲೇ. ನೋಡಲು ಹಳೆಯದಕ್ಕಿಂತ ಚೆನ್ನಾಗಿದೆ. ಆದರೆ ಒಂದು ವ್ಯತ್ಯಾಸ ಯಾರೂ ಮೊದಲು ಹೇಳಿರಲಿಲ್ಲ. ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಮೆತ್ತೆ ಇರುತ್ತದೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಪತ್ತೆ ಹಚ್ಚುವುದು ಅದೇ. ತಿರುಪಿಗೆ ಆ ಮೆತ್ತೆ ಇಲ್ಲ. ಅದು ಕಚ್ಚುತ್ತದೆ, ಆದರೆ ಏನನ್ನು ಕಚ್ಚಿದೆ ಎಂಬುದು ಅದಕ್ಕೆ ಮಂದವಾಗಿ ಮಾತ್ರ ಗೊತ್ತು. ಮೊದಲ ವಾರ ಕೈಗವಸು ಹಾಕಿಕೊಂಡು ಊಟ ಮಾಡಿದ ಹಾಗಿತ್ತು. ಹುಳುಕು ಅದಕ್ಕೆ ಹಿಡಿಯುವುದಿಲ್ಲ, ನೋಯುವುದಿಲ್ಲ, ಹಾಗಾಗಿ ಸುತ್ತಲಿನ ಒಸಡು ಕೆಟ್ಟರೂ ತಾನಾಗಿ ದೂರು ಹೇಳುವುದಿಲ್ಲ. ಆರು ತಿಂಗಳಿಗೊಮ್ಮೆ ನಾನೇ ಹೋಗಿ ತೋರಿಸಬೇಕು. ನೋವೇ ಆಗದ ಹಲ್ಲನ್ನು ನಂಬುವುದು ಹೇಗೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನೋವಾದ ಹಲ್ಲನ್ನು ನಂಬಿ ಏನಾಯಿತು ಎಂಬುದೂ ನೆನಪಾಗುತ್ತದೆ.

ಬೆಟ್ಟ ಈಗಲೂ ಹತ್ತುತ್ತೇನೆ, ನಂದಿಯವರೆಗೆ ಮಾತ್ರ. ಮುನ್ನೂರನೆಯ ಮೆಟ್ಟಿಲಿನಲ್ಲಿ ಸುಮ್ಮನೆ ಒಂದು ನಿಮಿಷ ನಿಂತು ಎಡದವಡೆಯನ್ನು ಸವರಿ ನೋಡಿಕೊಳ್ಳುತ್ತೇನೆ.

ಕಳೆದ ಮಾರ್ಚಿನಲ್ಲಿ ಅತ್ತಿಗೆಯನ್ನು ಮೈಸೂರಿಗೆ ಕರೆಸಿಕೊಂಡೆ. ಕೆಟ್ಟ ಹಲ್ಲುಗಳು ಎರಡಿದ್ದವು. ಅವನ್ನು ಕೀಳಿಸಿ ಬಾಯಿ ಶುಚಿ ಮಾಡಿಸುವುದು ಮೊದಲು, ತಿರುಪಿನ ಮಾತು ಆಮೇಲೆ ಎಂದು ಅವರ ಹೃದಯದ ವೈದ್ಯರೂ ನಮ್ಮ ಡಾಕ್ಟರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದ್ದರು. ಅತ್ತಿಗೆಗೆ ಅಷ್ಟರಲ್ಲಿ ಆಸೆ ಇಳಿದಿತ್ತು. "ಈ ತಿರುಪು ಪರುಪು ನಿನಗೇ ಇರಲಿ. ಅತ್ತೆಯ ಕುಟ್ಟಾಣಿ ಅಟ್ಟದ ಮೇಲೆ ಇನ್ನೂ ಇದೆ, ಎಲೆ ಅಡಿಕೆ ಅದರಲ್ಲೇ ಕುಟ್ಟಿಕೊಂಡರಾಯಿತು" ಎಂದರು. ಅಡಿಕೆಯನ್ನೇ ಬಿಡಿ ಅತ್ತಿಗೆ ಎಂದೆ. ಕೇಳಿಸಿಕೊಳ್ಳದವರ ಹಾಗೆ ಕಿಟಕಿಯ ಕಡೆ ನೋಡಿದರು.

ನನ್ನ ಅಂಗಿಯ ಜೇಬಿನಲ್ಲಿ ಅವರ ಪುಟ ಇತ್ತು. ಹಿಂದಿನ ದಿನದ ಐಎನ್‌ಆರ್ 2.8. ಅಸಿಟ್ರಾಮ್ ನಿಲ್ಲಿಸಿಲ್ಲ. ಪೆನ್ಸಿಲಿನ್ ಅಲರ್ಜಿ ಇಲ್ಲ. ಅಮಾಕ್ಸಿಸಿಲಿನ್ 500ರ ನಾಲ್ಕು ಗುಳಿಗೆ, 4 ಗಂಟೆ 10 ನಿಮಿಷಕ್ಕೆ. ಕೊನೆಯ ಸಾಲು ನನ್ನ ಹೆಂಡತಿಯ ಅಕ್ಷರ. ಗುಳಿಗೆ ನುಂಗಿಸಿದ್ದು ಅವಳೇ, ಎಣಿಸಿ. ಐದು ಗಂಟೆಗೆ ಒಳಗೆ ಕರೆಯುತ್ತೇವೆ ಎಂದಿದ್ದರು. ಕಾಯುವ ಕೋಣೆಯಲ್ಲಿ ನಾವಿಬ್ಬರೇ. ಫ್ಯಾನ್ ಕರೆಂಟಿಲ್ಲದೆ ನಿಂತಿತ್ತು. ಹೊತ್ತು ಎಷ್ಟಾಯಿತೆಂದು ತಲೆಯೆತ್ತಿ ನೋಡಿದರೆ ಗೋಡೆಯ ಗಡಿಯಾರ ಒಂಬತ್ತೂಕಾಲಕ್ಕೆ ನಿಂತುಹೋಗಿ ಎಷ್ಟು ದಿನವಾಗಿತ್ತೋ. ಟಿಕ್ ಟಿಕ್ ಮಾತ್ರ ಕೇಳುತ್ತಿತ್ತು.